ಕನ್ನಡ ಕರಾವಳಿಯಲ್ಲಿ ಶಿಬಿರವಾಸ

ವಿದ್ಯಾಭ್ಯಾಸವು ಪಾಠಶಾಲೆಯ ನಾಲ್ಕು ಗೋಡೆಗಳೊಳಗೆ ಮುಗಿಯತಕ್ಕ ಕಾರ್ಯವಲ್ಲವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಡೇರೆಯಲ್ಲಿ ಮಲಗಿ, ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಬೇಯಿಸಿ, ನಾಲ್ಕು ದಿವಸ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಿದ ಬಾಲಿಕೆಯು ತರಗತಿಯಲ್ಲಿ ದೊರೆಯದ ಕೆಲವು ಗುಣಗಳನ್ನು ಸಂಪಾದಿಸಿಕೊಂಡು ಬರುವಳು. ಆದರೆ ೨೦೨೪ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಬಯಲುಸೀಮೆಯಿಂದ ಶಾಲೆಯ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿಯ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಆ ದುರ್ವಾರ್ತೆಯನ್ನು ಕೇಳಿದ ಮೇಲೆ ನಮ್ಮ ತಾಯ್ತಂದೆಗಳಲ್ಲಿ ಅನೇಕರು, ಹೆಣ್ಣುಮಕ್ಕಳನ್ನು ಕಡಲಿನ ಕಡೆಗೆ ಕಳುಹಿಸುವುದೇ ಬೇಡವೆಂದು ಹೇಳುತ್ತಿರುವರು. ಅವರ ಸಂಕಟವು ನ್ಯಾಯವಾದುದು. ಆದರೂ ಆ ತೀರ್ಮಾನವು ಸರಿಯಾದುದೋ ಎಂಬುದನ್ನು ವಿಚಾರಿಸುವುದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆ.

ಮಕ್ಕಳ ಶಿಬಿರವಾಸಕ್ಕೂ ಸಮುದ್ರತೀರಕ್ಕೂ ಇರುವ ನಂಟು ಇಂದಿನದಲ್ಲ. ೧೯೦೭ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿಯು ಇಪ್ಪತ್ತರಷ್ಟು ಹುಡುಗರನ್ನು ಕರೆದುಕೊಂಡು, ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸೇರಿದ ಬ್ರೌನ್ಸೀ ಎಂಬ ದ್ವೀಪದಲ್ಲಿ ಬಿಡಾರ ಹೂಡಿದನು. ಅಲ್ಲಿಯೂ ಒಂದು ಕಡೆ ಕಾಡು, ಮತ್ತೊಂದು ಕಡೆ ಉಪ್ಪುನೀರು. ಆ ಬಿಡಾರದಿಂದ ಸ್ಕೌಟ್ ಚಳವಳಿಯು ಹುಟ್ಟಿತು. ೧೯೧೦ರಲ್ಲಿ ಬಾಲಿಕೆಯರಿಗಾಗಿ ಗೈಡ್ ಸಂಘವು ಏರ್ಪಟ್ಟಿತು. ೧೯೧೧ರಲ್ಲಿಯೇ ನಮ್ಮ ದೇಶದ ಮೊದಲನೆಯ ಗೈಡ್ ದಳವು ಜಬ್ಬಲಪುರದಲ್ಲಿ ಪ್ರಾರಂಭವಾಯಿತು. ಗಂಡುಮಕ್ಕಳಿಗೆ ತಕ್ಕುದಾದ ಶಿಕ್ಷಣವು ಹೆಣ್ಣುಮಕ್ಕಳಿಗೂ ತಕ್ಕುದೆಂದು ಒಪ್ಪುವುದಕ್ಕೆ ಹೆಚ್ಚು ವರ್ಷಗಳು ಹಿಡಿಯಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ನಾಡಿನ ಸ್ವರೂಪ

ನಮ್ಮ ರಾಜ್ಯದಲ್ಲಿ ಕಾಡು, ಕಡಲು, ಮಳೆ ಇವು ಮೂರೂ ಒಂದೆಡೆ ಸೇರಿರುವ ಪ್ರದೇಶವೆಂದರೆ ಉತ್ತರ ಕನ್ನಡ ಜಿಲ್ಲೆಯ ಕರಾವಳಿ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ ಎಂಬ ಐದು ತಾಲೂಕುಗಳು ಸಮುದ್ರವನ್ನು ಮುಟ್ಟಿಕೊಂಡಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಇಲ್ಲಿ ಕಡಲನ್ನು ಸೇರುತ್ತವೆ. ಸಹ್ಯಾದ್ರಿಯ ಕವಲುಗಳು ಕಾರವಾರದ ಬಳಿಯಲ್ಲಿ ನೀರಿನ ಅಂಚಿನವರೆಗೂ ಬಂದು ನಿಂತಿವೆ. ಗೋಕರ್ಣದ ದಕ್ಷಿಣಕ್ಕೆ ಮುರಕಲ್ಲಿನ ಕೋಡುಗಳು ಸಮುದ್ರದೊಳಕ್ಕೆ ಚಾಚಿಕೊಂಡು, ಅವುಗಳ ನಡುವೆ ಸಣ್ಣ ಸಣ್ಣ ಮರಳಿನ ಕೊಲ್ಲಿಗಳಾಗಿವೆ. ಹೊನ್ನಾವರದ ಸಮೀಪದ ಅಪ್ಸರಕೊಂಡದಲ್ಲಿ ಗುಡ್ಡದ ಮೇಲೆ ನಿಂತರೆ ಒಂದು ಪಕ್ಕದಲ್ಲಿ ಜಲಪಾತದ ಸದ್ದು, ಇನ್ನೊಂದು ಪಕ್ಕದಲ್ಲಿ ತೆರೆಗಳ ಸದ್ದು ಕೇಳುವುದು.

ಇಲ್ಲಿ ಇಷ್ಟು ಮಳೆ ಬೀಳುವುದಕ್ಕೆ ಕಾರಣವೇನೆಂದರೆ, ನೈರುತ್ಯ ದಿಕ್ಕಿನ ಗಾಳಿಯು ಅರಬ್ಬಿ ಸಮುದ್ರದಿಂದ ನೀರಾವಿಯನ್ನು ಹೊತ್ತು ತಂದು ಸಹ್ಯಾದ್ರಿಗೆ ತಾಗುವುದು. ಬೆಟ್ಟವು ಅಡ್ಡವಾದುದರಿಂದ ಗಾಳಿಯು ಮೇಲಕ್ಕೇರಿ ತಣ್ಣಗಾಗುವುದು. ತಣ್ಣಗಾದ ಆವಿಯು ಮಳೆಯಾಗಿ ಸುರಿಯುವುದು. ಹೀಗೆ ಈ ತೀರದಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿನಷ್ಟು, ಅಂದರೆ ಹಳೆಯ ಲೆಕ್ಕದಲ್ಲಿ ೧೨೦ ಅಂಗುಲದಷ್ಟು, ಅಥವಾ ಅದಕ್ಕೂ ಹೆಚ್ಚು ಮಳೆಯಾಗುವುದು. ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುವುದು. ಘಟ್ಟವನ್ನೇರಿ ಅದೇ ಜಿಲ್ಲೆಯ ಮುಂಡಗೋಡಿನ ಕಡೆಗೆ ಹೋದರೆ ಇದರ ಅರ್ಧಕ್ಕಿಂತಲೂ ಕಡಮೆ. ಬಯಲುಸೀಮೆಯ ನಮ್ಮ ಬಾಲಿಕೆಯರು ಮಳೆಯೆಂದರೆ ಹಂಬಲಿಸಿ ಕಾಯತಕ್ಕ ವಸ್ತುವೆಂದು ಬಲ್ಲರೇ ಹೊರತು, ಎಚ್ಚರಿಕೆಯಿಂದಿರತಕ್ಕ ಶಕ್ತಿಯೆಂದು ಅರಿಯರು. ಸಮುದ್ರವನ್ನಂತೂ ಅವರು ಚಿತ್ರದಲ್ಲಿ ಮಾತ್ರ ಕಂಡವರು. ಅಪಾಯವೆಲ್ಲ ಈ ಅಪರಿಚಯದಲ್ಲಿರುವುದು.

ಹೋಗತಕ್ಕ ಕಾಲ

ಶಿಬಿರದ ಮೊದಲನೆಯ ಪ್ರಶ್ನೆ ಎಲ್ಲಿಗೆ ಎಂಬುದಲ್ಲ, ಯಾವಾಗ ಎಂಬುದು. ಮಳೆ, ಗಾಳಿ, ಕಾಡು ಇವು ಮೂರೂ ವರ್ಷದ ಕೆಲವು ತಿಂಗಳುಗಳಲ್ಲಿ ತಮ್ಮ ತಮ್ಮ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತವೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಯು ಬಾಗಿಲು ಹಾಕುವುದು. ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗಬಾರದೆಂದು ಸರ್ಕಾರದ ಕಟ್ಟಳೆಯುಂಟು. ಮೀನುಗಳು ಮೊಟ್ಟೆಯಿಡುವ ಕಾಲವಾದುದರಿಂದ ಈ ಕಟ್ಟಳೆ ಬಂದಿದ್ದರೂ, ಆಗಿನ ಸಮುದ್ರದ ಉಗ್ರತೆಯೂ ಎಲ್ಲರಿಗೂ ತಿಳಿದುದೇ. ಹುಟ್ಟಾ ಕಡಲನ್ನು ಬಲ್ಲವರೇ ದಡದಲ್ಲಿರುವಾಗ ಮಕ್ಕಳಿಗೆ ಅಲ್ಲಿ ಕೆಲಸವೇನು? ನೆಲವೂ ಆಗ ನಂಬಿಕೆಗೆ ಅರ್ಹವಾದುದಲ್ಲ. ೨೦೨೪ನೆಯ ಇಸವಿಯ ಜುಲೈ ೧೬ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಯ ಪಕ್ಕದ ಗುಡ್ಡವು ಮಳೆಗೆ ಕುಸಿದು ಗಂಗಾವಳಿ ನದಿಯವರೆಗೂ ಜಾರಿ, ಹಲವರ ಪ್ರಾಣವನ್ನು ತೆಗೆದುಕೊಂಡಿತು.

ಅಕ್ಟೋಬರಿನಲ್ಲಿ ಸಾಯಂಕಾಲದ ಗುಡುಗು ಸಿಡಿಲುಗಳು ಹೆಚ್ಚು. ಮಳೆಗಾಲದ ಮೊದಲಿಗೂ ಕೊನೆಗೂ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಏಳುವುದುಂಟು. ೨೦೦೯ರ ನವೆಂಬರಿನಲ್ಲಿ ಬಂದ ಫಿಯಾನ್, ೨೦೨೧ರ ಮೇ ತಿಂಗಳಲ್ಲಿ ಬಂದ ತೌಕ್ತೆ ಎಂಬವು ಈ ತೀರದವರಿಗೆ ಮರೆತಿಲ್ಲ. ಆದಕಾರಣ ದಿನವನ್ನು ಮುಂಚಿತವಾಗಿ ಗೊತ್ತುಮಾಡಿದ್ದರೂ, ಹವಾಮಾನ ಇಲಾಖೆಯ ಎಚ್ಚರಿಕೆಯಿದ್ದರೆ ಹೊರಡದೆ ಉಳಿಯುವ ಧೈರ್ಯವು ಉಪಾಧ್ಯಾಯಿನಿಯರಿಗೆ ಇರಬೇಕು.

ಇನ್ನು ಕಾಡಿನ ಬಾಗಿಲು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉತ್ತರ ಕನ್ನಡದ ಕಾಡುಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಅದನ್ನು ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳು. ಒಣಗಿದ ತರಗೆಲೆಗಳಲ್ಲಿ ಅದರ ಮರಿಗಳು ಹೆಚ್ಚಾಗಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ರೋಗದ ಕಾಲವಾಗಿರುವುದು. ಆ ತಿಂಗಳುಗಳಲ್ಲಿ ಕಾಡಿನೊಳಗೆ ಬಿಡಾರ ಹೂಡಬಾರದು. ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು. ಸತ್ತ ಮಂಗವು ಕಂಡುಬಂದ ಸ್ಥಳದಿಂದ ದೂರ ಸರಿದು ಆರೋಗ್ಯ ಇಲಾಖೆಗೆ ತಿಳಿಸಬೇಕು.

ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಚಂಡಮಾರುತದ ಸೂಚನೆಯಿಲ್ಲದ ನವೆಂಬರ್ ತಿಂಗಳು ಅತ್ಯುತ್ತಮವೆಂದು ತಾನಾಗಿ ತಿಳಿದುಬರುವುದು. ಡಿಸೆಂಬರಿನಿಂದ ಫೆಬ್ರವರಿಯವರೆಗೂ ಹೋಗಬಹುದು. ಆದರೆ ಆಗ ಮರಳನ್ನು ಬಿಟ್ಟು ಕಾಡಿಗೆ ಹೋಗತಕ್ಕದ್ದಲ್ಲ.

ಬಿಡಾರದ ನೆಲ

ಮರಳಿನ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ನಮ್ಮ ಬಾಲಿಕೆಯರು ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಓದಿರುವರು. ಡೇರೆಯನ್ನು ಮರಳಿನ ಮೇಲೆ ಕಟ್ಟಲೇಬೇಕಾದಾಗ ಆ ಸಾಮ್ಯದ ಅರ್ಥವು ಚೆನ್ನಾಗಿ ಮನಸ್ಸಿಗೆ ಹತ್ತುವುದು. ಸಡಿಲ ಮರಳಿನಲ್ಲಿ ಗೂಟವು ನಿಲ್ಲದು. ಒಂದು ಗಟ್ಟಿ ಕಟ್ಟಿಗೆಯ ತುಂಡಿನ ನಡುವಿಗೆ ಹಗ್ಗವನ್ನು ಬಿಗಿದು, ಒಂದೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಹೂಳಿ, ಮೇಲೆ ಮರಳನ್ನು ತುಳಿದು ಗಟ್ಟಿಮಾಡಿದರೆ ಗಾಳಿಗೆ ಡೇರೆಯು ಜಗ್ಗುವುದಿಲ್ಲ.

ಸ್ಥಳವನ್ನು ಆರಿಸುವಾಗ ದಡದ ಮೇಲೆ ಒಣಗಿದ ಜೊಂಡು, ಚಿಪ್ಪು, ಕಸಕಡ್ಡಿಗಳ ಗೆರೆಯನ್ನು ಮೊದಲು ಹುಡುಕಬೇಕು. ಭರತದ ನೀರು ಅಲ್ಲಿಯವರೆಗೆ ಬಂದು ಹೋಗಿದೆಯೆಂಬುದಕ್ಕೆ ಅದು ಗುರುತು. ಆ ಗೆರೆಯಿಂದ ಸಾಕಷ್ಟು ಮೇಲೆ ಬಿಡಾರವಿರಬೇಕು. ಒಣಗಿದ ಹಳ್ಳದ ಪಾತ್ರ, ಕಡಿದ ಗುಡ್ಡದ ಬುಡ, ಬಂಡೆಯ ಅಂಚು ಇವು ವರ್ಜ್ಯ. ತೆಂಗಿನ ಮರದ ಕೆಳಗೂ ಮಲಗಬಾರದು; ಕಾಯಿಯೂ ಗರಿಯೂ ಹೇಳಿ ಬೀಳುವುದಿಲ್ಲ. ಕರಾವಳಿಯುದ್ದಕ್ಕೂ ಕಾಣುವ ಗಾಳಿಮರದ ತೋಪುಗಳು ಇಲ್ಲಿಯ ಹುಟ್ಟಿನವಲ್ಲ. ೧೮೬೦ರ ದಶಕದಿಂದೀಚೆಗೆ ನೆಟ್ಟು ಬೆಳೆಸಿದವು. ಅವುಗಳ ನೆರಳು ಹಿತವಾದುದು. ಆದರೆ ಕೆಳಗೆ ಹಾಸಿದ ಒಣ ಎಲೆಗಳಿಗೆ ಕಿಡಿ ತಾಗಿದರೆ ತೋಪೇ ಉರಿದುಹೋದೀತು. ಆದುದರಿಂದ ಒಲೆಯು ಬರಿಯ ಮರಳಿನ ಮೇಲೆ ಇರಬೇಕು. ಅದನ್ನು ಆರಿಸುವಾಗ ಮರಳು ಮುಚ್ಚದೆ ನೀರು ಸುರಿಯಬೇಕು. ಮರಳಿನೊಳಗೆ ಕೆಂಡವು ಬಹಳ ಹೊತ್ತು ಬಿಸಿಯಾಗಿದ್ದು, ಬರಿಗಾಲಿನಲ್ಲಿ ಓಡಿ ಬಂದ ಮಗುವನ್ನು ಸುಡುವುದು.

ದಡದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿ ನಿಂತಿರುವುದು. ಒಮ್ಮೆಗೇ ಬಹಳವಾಗಿ ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೆ ಬಂದು, ಬಾವಿಯ ಒಡೆಯರಿಗೆ ನಷ್ಟವಾಗುವುದು. ಐವತ್ತು ಮಂದಿಯ ಶಿಬಿರವು ಈ ಮಾತನ್ನು ಮರೆಯಬಾರದು. ಕುಡಿಯುವ ನೀರನ್ನು ಕಾಯಿಸಿಯೇ ಕುಡಿಯತಕ್ಕದ್ದು. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಇದೇ ಮರಳಿಗೆ ಬಂದು ಮೊಟ್ಟೆಯಿಡುವುವು. ಮರಿಗಳು ಬೆಳಕಿರುವ ಕಡೆಯೇ ಸಮುದ್ರವೆಂದು ತಿಳಿದು ನಡೆಯುವುವು. ನಮ್ಮ ದೀಪದ ಕಡೆಗೆ ತಿರುಗಿದ ಮರಿಯು ಕಡಲನ್ನು ಸೇರದೆ ಸಾಯುವುದು. ಆದುದರಿಂದ ಪ್ರಾರ್ಥನೆ ಮುಗಿದೊಡನೆ ದೀಪಗಳನ್ನು ನಂದಿಸುವುದು ಶಿಸ್ತಿಗೂ ಒಳ್ಳೆಯದು, ದಯೆಗೂ ಒಳ್ಳೆಯದು.

ಕಡಲಿನ ರೀತಿ

ಸಮುದ್ರವು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಈ ಭರತ ಇಳಿತಗಳು ಪ್ರತಿದಿನವೂ ಸುಮಾರು ೫೦ ನಿಮಿಷ ತಡವಾಗುತ್ತ ಹೋಗುವುವು. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಏರಿಳಿತವು ಅತಿ ಹೆಚ್ಚು. ಇಳಿತದಲ್ಲಿ ಬಂಡೆಯ ಕೋಡನ್ನು ಸುತ್ತಿ ಮುಂದಿನ ಕೊಲ್ಲಿಗೆ ಸುಲಭವಾಗಿ ನಡೆದುಹೋದವರು, ಹಿಂದಿರುಗುವಷ್ಟರಲ್ಲಿ ದಾರಿಯೇ ಇಲ್ಲದೆ ಸಿಕ್ಕಿಕೊಳ್ಳುವುದುಂಟು. ಪಂಚಾಂಗವನ್ನು ನೋಡಬಲ್ಲ ಮನೆಯ ಮಕ್ಕಳಿಗೆ ಈ ಲೆಕ್ಕವು ಕಷ್ಟವಲ್ಲ.

ಆದರೆ ಪ್ರಾಣಗಳನ್ನು ಕೊಂಡೊಯ್ಯುವುದು ಹೆಚ್ಚಾಗಿ ಭರತವಲ್ಲ, ಹಿಂದೆಳೆಯುವ ಹರಿವು. ತೆರೆಗಳು ದಡಕ್ಕೆ ನೂಕಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಮರಳಿನ ದಿಬ್ಬಗಳ ನಡುವಿನ ಕಿರಿದಾದ ಓಣಿಯೊಂದನ್ನು ಹಿಡಿದು ರಭಸದಿಂದ ಒಳಕ್ಕೆ ಓಡುವುದು. ಇದರಲ್ಲಿ ಅತ್ಯಂತ ಮೋಸದ ಸಂಗತಿಯೇನೆಂದರೆ, ಆ ಓಣಿಯಲ್ಲಿ ತೆರೆಗಳು ಒಡೆಯುವುದಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುವುದು. ಕಡಲನ್ನರಿಯದವರು ಅದೇ ಸುರಕ್ಷಿತ ಸ್ಥಳವೆಂದು ಭಾವಿಸಿ ಅಲ್ಲಿಯೇ ಇಳಿಯುವರು. ಆಕಾಶವು ತಿಳಿಯಾಗಿರುವ ಚಳಿಗಾಲದಲ್ಲಿಯೂ ಈ ಹರಿವು ಇರುವುದುಂಟು. ಅದಕ್ಕೆ ಸಿಕ್ಕಿದವರು ದಡದ ಕಡೆಗೆ ಈಜಲು ಹೆಣಗಿದರೆ ಬಳಲಿ ಮುಳುಗುವರು. ಹೆಣಗದೆ ತೇಲಿಕೊಂಡಿದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಓಣಿಯಿಂದ ಹೊರಗೆ ಬರಬಹುದು. ನೋಡುತ್ತಿರುವವರು ತಾವೂ ನೀರಿಗೆ ಧುಮುಕಬಾರದು; ಒಬ್ಬಳನ್ನು ಬಿಡಿಸಹೋಗಿ ಇಬ್ಬರು ಹೋದ ದೃಷ್ಟಾಂತಗಳು ಹಲವುಂಟು. ಹಗ್ಗಕ್ಕೆ ಕಟ್ಟಿದ ಮುಚ್ಚಳವಿರುವ ಬರಿದಾದ ನೀರಿನ ಡಬ್ಬಿಯನ್ನು ಎಸೆಯುವುದು ಲೇಸು. ಅಂಥ ಡಬ್ಬಿಯೂ ಹಗ್ಗವೂ ದಡದಲ್ಲಿ ಯಾವಾಗಲೂ ಸಿದ್ಧವಾಗಿರಬೇಕು.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತುಂಟು. ಉದ್ದವಾದ ಲಂಗ, ಸೀರೆಯ ನಿರಿಗೆ, ದುಪಟ್ಟಾ ಇವು ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುವುವು. ಹುಡುಗನು ಎದ್ದು ನಿಲ್ಲಬಲ್ಲ ತೆರೆಯಲ್ಲಿ ಹುಡುಗಿಯು ಬಿದ್ದುಬಿಡುವಳು. ಮೇಲಾಗಿ ಈಜನ್ನು ಕಲಿಸುವುದರಲ್ಲಿ ನಾವು ಗಂಡುಮಕ್ಕಳಿಗೆ ತೋರುವ ಆಸ್ಥೆಯನ್ನು ಹೆಣ್ಣುಮಕ್ಕಳಿಗೆ ತೋರುವುದಿಲ್ಲ. ಮರ್ಯಾದೆಯ ಹೆಸರಿನಲ್ಲಿ ಕಲಿಸದೆ ಬಿಟ್ಟ ವಿದ್ಯೆಯು ಅಪಾಯದ ಗಳಿಗೆಯಲ್ಲಿ ಮರ್ಯಾದೆಯನ್ನು ನೋಡಿ ಕಾಪಾಡುವುದಿಲ್ಲ.

ತಾಯ್ತಂದೆಗಳು ಕೇಳತಕ್ಕ ಪ್ರಶ್ನೆಗಳು

ಶಾಲೆಯಿಂದ ಒಪ್ಪಿಗೆಯ ಕಾಗದವು ಬಂದಾಗ ಅದಕ್ಕೆ ಸುಮ್ಮನೆ ರುಜು ಹಾಕಬಾರದು. ಸುಮ್ಮನೆ ಹಿಂದಿರುಗಿಸಲೂ ಬಾರದು. ಶಿಬಿರಕ್ಕೆ ಆರಿಸಿದ ತಿಂಗಳಾವುದು, ಏಕೆ? ಉಪಾಧ್ಯಾಯಿನಿಯರಲ್ಲಿ ಒಬ್ಬರಾದರೂ ಮುಂಚಿತವಾಗಿ ಹೋಗಿ ಸ್ಥಳವನ್ನು ನೋಡಿ ಬಂದಿರುವರೋ? ಅಲ್ಲಿಯ ಮೀನುಗಾರರನ್ನು, ವಿಶೇಷವಾಗಿ ಮೀನುಗಾರ್ತಿಯರನ್ನು, ಕೇಳಿ ವಿಚಾರಿಸಿದರೋ? ಈ ತೀರದ ಹರಿಕಂತ, ಖಾರ್ವಿ, ಮೊಗೇರ ಕುಟುಂಬಗಳವರು ಆಯಾ ಕೊಲ್ಲಿಯ ಗುಣವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಬಲ್ಲರು. ಕಾವಲುಗಾರನಿಲ್ಲದ ದಡದಲ್ಲಿ ಯಾರೂ ನೀರಿಗಿಳಿಯಬಾರದೆಂಬ ನಿಯಮವುಂಟೋ? ಎಷ್ಟು ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿ? ಹಾವು ಕಚ್ಚಿದರೆ ಕೊಯ್ಯದೆ, ಕಟ್ಟದೆ, ಅಲುಗಾಡಿಸದೆ ಕೂಡಲೇ ಕರೆದೊಯ್ಯತಕ್ಕ ಆಸ್ಪತ್ರೆ ಎಷ್ಟು ದೂರದಲ್ಲಿದೆ? ಶೌಚದ ಏರ್ಪಾಡೂ, ತಿಂಗಳ ದಿನಗಳಲ್ಲಿರುವ ಬಾಲಿಕೆಯರ ಅನುಕೂಲವೂ ಹೇಗೆ? ಇವುಗಳಿಗೆ ಸ್ಪಷ್ಟವಾದ ಉತ್ತರವನ್ನು ಕೊಡಲಾರದ ಶಾಲೆಗೆ ಮಕ್ಕಳನ್ನು ಒಪ್ಪಿಸಬೇಡಿರಿ. ಅದು ನಮ್ಮ ಶಾಲೆಯಾದರೂ ಸರಿಯೇ. ಉತ್ತರಗಳು ದೊರೆತರೆ ಮಾತ್ರ ದಯವಿಟ್ಟು ತಡೆಯಬೇಡಿರಿ.

ಏಕೆಂದರೆ, ಮುರ್ಡೇಶ್ವರದಲ್ಲಿ ತೀರಿಕೊಂಡ ಆ ಮಕ್ಕಳ ನೆನಪಿಗೆ ನಾವು ಸಲ್ಲಿಸತಕ್ಕ ಗೌರವವು ಉಳಿದ ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದಲ್ಲ. ಇಂದು ಶಾಲೆಯೊಡನೆ ಹೋಗದವಳು ನಾಳೆ ಗೆಳತಿಯರೊಡನೆ, ಗಂಡನೊಡನೆ, ಮಕ್ಕಳೊಡನೆ ಹೋಗಿಯೇ ಹೋಗುವಳು. ಆಗ ಕಪ್ಪಾದ ಶಾಂತ ನೀರಿನ ಗುರುತನ್ನು ಅವಳಿಗೆ ಹೇಳಿಕೊಡುವವರು ಯಾರು? ಕಲಿತವಳು ತಾನು ಉಳಿಯುವುದಲ್ಲದೆ ಜೊತೆಗಿರುವವರನ್ನೂ ಉಳಿಸುವಳು.

ಪುನರುತ್ಥಾನನಾದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರನ್ನು ಮುಂಜಾನೆ ಊಟಕ್ಕೆ ಕರೆದ ವೃತ್ತಾಂತವನ್ನು ಯೋಹಾನನ ಸುವಾರ್ತೆಯಲ್ಲಿ ಓದುತ್ತೇವೆ. ಬೆಳಗಿನ ಜಾವದಲ್ಲಿ ತೆರೆಗಳ ಸದ್ದನ್ನು ಕೇಳುತ್ತ, ತಾವೇ ಹೊತ್ತಿಸಿದ ಒಲೆಯ ಸುತ್ತಲೂ ಕುಳಿತು, ತಾವೇ ಬೇಯಿಸಿದ ಗಂಜಿಯನ್ನು ಹಂಚಿಕೊಂಡು ಉಣ್ಣುವ ಬಾಲಿಕೆಯರಿಗೆ ಆ ಅಧ್ಯಾಯವು ಕೇವಲ ಪಾಠವಾಗಿ ಉಳಿಯುವುದಿಲ್ಲ. ಆ ಭಾಗ್ಯವು ನಮ್ಮ ಮಕ್ಕಳೆಲ್ಲರಿಗೂ ದೊರೆಯಲಿ. ಹೋದವರೆಲ್ಲರೂ ಸುಕ್ಷೇಮವಾಗಿ ಮನೆಗೆ ಹಿಂದಿರುಗುವಂತೆ ದೇವರು ಅವರನ್ನೂ, ಅವರನ್ನು ಕರೆದೊಯ್ಯುವ ನಮ್ಮ ವಿವೇಕವನ್ನೂ ಕಾಪಾಡಲಿ.