ಜೀವಕೋಶವೂ ಡಬ್ಬ ಅಲ್ಲಾಡಿಸಿ ನೋಡುತ್ತೆ!

ಸಂಜೆ ನೆಂಟರು ಬರ್ತಾರೆ ಅಂತ ಫೋನ್ ಬಂತು ಅಂತಿಟ್ಟುಕೊಳ್ಳಿ. ನೀವು ಮೊದಲು ಏನು ಮಾಡ್ತೀರಿ? ಬೇಳೆ ಡಬ್ಬ ಅಲ್ಲಾಡಿಸಿ ನೋಡ್ತೀರಿ. ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಎತ್ತಿ ತೂಕ ನೋಡ್ತೀರಿ. ಎಲ್ಲ ಸರಿಯಿದ್ದರೆ ಹೋಳಿಗೆ, ಇಲ್ಲದಿದ್ದರೆ ಚಿತ್ರಾನ್ನ. ನಮ್ಮ ಮೈಯ ಒಂದೊಂದು ಜೀವಕೋಶವೂ ದಿನವಿಡೀ ಇದೇ ಲೆಕ್ಕಾಚಾರದಲ್ಲಿರುತ್ತದೆ ಅಂದರೆ ನಂಬ್ತೀರಾ?

ಈ ವಿಷಯ ಓದುವ ಹುಚ್ಚು ನನಗೆ ಹತ್ತಿದ್ದು ನಮ್ಮತ್ತೆಯಿಂದ. ಅವರಿಗೀಗ ಎಪ್ಪತ್ನಾಲ್ಕು. ‘ವಯಸ್ಸಾದವರಿಗೆ ಯಾಕಮ್ಮ ಅಷ್ಟೆಲ್ಲ? ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಒಂದು ಲೋಟ ಗಂಜಿ ಸಾಕು’ ಅಂತ ಎರಡು ವರ್ಷ ಕಳೆದರು. ಒಂದು ಬೆಳಿಗ್ಗೆ ಬಚ್ಚಲುಮನೆಯ ಸ್ಟೂಲಿನಿಂದ ಏಳಲಾಗದೆ ನನ್ನನ್ನು ಕೂಗಿದರು. ಡಾಕ್ಟರು ಪರೀಕ್ಷೆ ಮಾಡಿ, ‘ಮೂಳೆಗೇನೂ ಆಗಿಲ್ಲ. ತೊಡೆಯ ಮಾಂಸಖಂಡವೇ ಕರಗಿದೆ. ಊಟಕ್ಕೆ ಏನು ಕೊಡ್ತೀರಿ?’ ಅಂದರು. ಗಂಜಿ ಅನ್ನೋಕೆ ನನಗೆ ಬಾಯೇ ಬರಲಿಲ್ಲ.

ಕೋಶದೊಳಗೆ ‘ಎಂ-ಟಾರ್’ ಎಂಬ ಪ್ರೋಟೀನ್ ಇದೆ. ಮನೆಯ ಯಜಮಾನಿ ಅಂದುಕೊಳ್ಳಿ. ನಾವು ತಿಂದ ಬೇಳೆ, ಹಾಲು, ಮೊಟ್ಟೆ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತವೆ. ಅವುಗಳಲ್ಲೂ ಲ್ಯೂಸಿನ್ ಬಂದಿದೆಯಾ ಅಂತ ಈಕೆ ವಿಶೇಷವಾಗಿ ನೋಡುತ್ತಾಳೆ. ಹೊರಗಿನಿಂದ ಇನ್ಸುಲಿನ್ ‘ಊಟ ಆಗಿದೆ’ ಅಂತ ಸುದ್ದಿ ತರುತ್ತದೆ. ಸಿಲಿಂಡರ್ ನೋಡೋಕೆ, ಅಂದರೆ ಶಕ್ತಿ ಎಷ್ಟಿದೆ ಅಂತ ಅಳೆಯೋಕೆ, ‘ಎಎಂಪಿಕೆ’ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಎಲ್ಲ ಕೂಡಿ ಬಂದರೆ ಯಜಮಾನಿ ‘ಕಟ್ಟಿ, ಬೆಳೆಸಿ’ ಅಂತಾಳೆ. ಸಾಮಾನು ಸಾಲದಿದ್ದರೆ ಬೆಳವಣಿಗೆ ಬಂದ್. ಕೋಶ ತನ್ನೊಳಗಿನ ಹಳೇ ಸಾಮಾನು ಒಡೆದು ಮರುಬಳಕೆಗೆ ಇಳಿಯುತ್ತದೆ. ಈ ಮರುಬಳಕೆಯ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಸಿಕ್ಕಿತು.

ಈ ಯಜಮಾನಿ ಪತ್ತೆಯಾದ ಕಥೆಯಲ್ಲಿ ಒಂದು ಫ್ರಿಜ್ ಬರುತ್ತದೆ! 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೊರಟಿತು. ಅದು ತಂದ ಮಣ್ಣಿನ ಸೂಕ್ಷ್ಮಜೀವಿಯಿಂದ, ಮಾಂಟ್ರಿಯಲ್‌ನ ಔಷಧ ಕಂಪನಿಯಲ್ಲಿದ್ದ ನಮ್ಮ ಭಾರತೀಯ ಮೂಲದ ಸುರೇಂದ್ರನಾಥ್ ಸೆಹಗಲ್ ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ಹಾಗಾಗಿ ಅದು ರಾಪಾಮೈಸಿನ್. 1980ರ ದಶಕದ ಮೊದಲಲ್ಲಿ ಕಂಪನಿ ಆ ಪ್ರಯೋಗಾಲಯ ಮುಚ್ಚಿತು. ಸೆಹಗಲ್‌ಗೆ ಎಸೆಯಲು ಮನಸ್ಸಾಗಲಿಲ್ಲ. ಸೀಸೆಗಳನ್ನು ಮನೆಗೆ ತಂದು, ‘ತಿನ್ನಬೇಡಿ’ ಅಂತ ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟರು. ಅಮೆರಿಕಕ್ಕೆ ಮನೆ ಬದಲಾಯಿಸಿದಾಗ ಅವೂ ಜತೆಗೆ ಹೋದವು. (ನಮ್ಮನೆಯಲ್ಲಾಗಿದ್ದರೆ ನಾನು ಮೊದಲ ವಾರವೇ ಬಿಸಾಕಿರುತ್ತಿದ್ದೆ!) ಅದೇ ವಸ್ತು 1999ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರ ಔಷಧಿಯಾಯಿತು. ಅದು ಯಾವುದನ್ನು ತಡೆಯುತ್ತದೆ ಅಂತ ಹುಡುಕುತ್ತಾ ಸ್ವಿಟ್ಜರ್ಲೆಂಡಿನ ಮೈಕೆಲ್ ಹಾಲ್ ತಂಡಕ್ಕೆ 1991ರಲ್ಲಿ ಯೀಸ್ಟ್‌ನಲ್ಲಿ ‘ಟಾರ್’ ಸಿಕ್ಕಿತು. ಮೂರು ವರ್ಷದಲ್ಲಿ ಸಸ್ತನಿಗಳಲ್ಲೂ ಪತ್ತೆ.

ರಾಪಾಮೈಸಿನ್ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವು ಅಂತ 2009ರಲ್ಲಿ ಗೊತ್ತಾದ ಮೇಲೆ ‘ಮುಪ್ಪು ತಡೆಯುವ ಮಾತ್ರೆ’ ಎಂಬ ಗುಲ್ಲೆದ್ದಿದೆ. ಮನುಷ್ಯರ ಆಯಸ್ಸು ಹೆಚ್ಚುತ್ತದೆ ಅನ್ನುವುದು ಸಾಬೀತಾಗಿಲ್ಲ. ಇದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಿ. ಯಾರೋ ಹೇಳಿದರು ಅಂತ ತರಿಸಿಕೊಳ್ಳಲೇಬೇಡಿ.

ಮತ್ತೆ ಅತ್ತೆಯ ವಿಷಯಕ್ಕೆ ಬರೋಣ. ವಯಸ್ಸಾದಂತೆ ಮಾಂಸಖಂಡಗಳಿಗೆ ಈ ಸುದ್ದಿ ಸರಿಯಾಗಿ ಕೇಳಿಸುವುದಿಲ್ಲ, ಕಿವಿ ಮಂದವಾದ ಹಾಗೆ. ಜೋರಾಗಿ ಹೇಳಬೇಕು, ಅಂದರೆ ಒಂದೊಂದು ಊಟದಲ್ಲೂ ಪ್ರೋಟೀನ್ ಕಣ್ಣಿಗೆ ಕಾಣುವಷ್ಟಿರಬೇಕು, ಜತೆಗೆ ಕಾಲಿಗೆ ಕೆಲಸ ಬೇಕು. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 55 ಕಿಲೋ ತೂಗುವವರಿಗೆ ಸುಮಾರು 46 ಗ್ರಾಂ. 100 ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ತಿಳಿಸಾರಿನಲ್ಲಿ ಎಷ್ಟು ಬೇಳೆ ತೇಲುತ್ತದೆ ನೀವೇ ನೋಡಿಕೊಳ್ಳಿ! ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಎಲ್ಲರಿಗೂ ಬಡಿಸಿ, ಗಟ್ಟಿ ಬೇಳೆ ಅವರಿಗೆ ಹಾಕಿ, ತಳದ ನೀರುಸಾರಿನಲ್ಲಿ ಊಟ ಮುಗಿಸುವ ನಮ್ಮ ಅಭ್ಯಾಸವನ್ನೂ ಇಲ್ಲೇ ಹೇಳಿಬಿಡಬೇಕು. ನಲವತ್ತು ದಾಟಿದವರೇ, ನಿಮ್ಮ ತಟ್ಟೆಗೂ ಒಂದು ಸೌಟು ಗಟ್ಟಿ ಬೇಳೆ ಮೊದಲೇ ತೆಗೆದಿಡಿ.

ನಮ್ಮನೆಯಲ್ಲಿ ಈಗ ಬೆಳಿಗ್ಗೆ ದೋಸೆ ಹಿಟ್ಟಿಗೆ ಹೆಸರುಕಾಳು, ಸಂಜೆ ನಾಲ್ಕಕ್ಕೆ ಕಡಲೆಕಾಳು ಉಸಲಿ, ರಾತ್ರಿ ಗಂಜಿ ಬದಲು ಗಟ್ಟಿ ತೊವ್ವೆ, ಮೊಸರು. ದಿನಕ್ಕೆರಡು ಸಲ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ನಾಲ್ಕು ತಿಂಗಳಾಯಿತು. ಹೋದ ವಾರ ಅತ್ತೆ ಸ್ಟೂಲಿನಿಂದ ತಾವೇ ಎದ್ದು ಬಂದು, ‘ಉಸಲಿಗೆ ಉಪ್ಪು ಕಡಿಮೆ ಕಣೇ’ ಅಂದರು.