ಬಾಚಣಿಗೆಯಂಥ ರೆಕ್ಕೆ

ಜಗಳೂರು ಕಡೆಯ ಈರುಳ್ಳಿ ಹೊಲಕ್ಕೆ ಹೋದಾಗ ಒಂದು ಗಿಡದ ಸುಳಿಯನ್ನು ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ. ಹಳದಿ ಎಳೆಯ ತುಣುಕಿನಂಥ ಹುಳುಗಳು ಹರಿದಾಡುತ್ತವೆ. ಉದ್ದ ಒಂದು ಮಿಲಿಮೀಟರಿನ ಆಸುಪಾಸು. ನಮ್ಮ ಕ್ಯಾಮೆರಾಕ್ಕೂ ಸುಲಭವಾಗಿ ಸಿಗುವುದಿಲ್ಲ. ಇವೇ ಥ್ರಿಪ್ಸ್ ನುಸಿ. ಎಲೆಯ ರಸ ಹೀರಿ, ಬಿಳಿ ಮಚ್ಚೆ ಉಳಿಸಿ, ಗಡ್ಡೆಯನ್ನು ಸಣ್ಣದಾಗಿಸುವ ಶತ್ರು.

ಬೆಳೆದ ನುಸಿಯ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅಚ್ಚರಿ. ಅದು ಚಿಟ್ಟೆಯದರಂತೆ ಅಗಲವಾದ ಹಾಳೆಯಲ್ಲ. ಒಂದು ತೆಳು ಕಡ್ಡಿ, ಅಂಚಿಗೆ ಉದ್ದುದ್ದ ಕೂದಲು. ಸಂದುಗಳೇ ಹೆಚ್ಚಿರುವ ಇಂಥ ರೆಕ್ಕೆಯಿಂದ ಹಾರುವುದು ಹೇಗೆ? ದೇಹ ಇಷ್ಟು ಕಿರಿದಾದಾಗ ಗಾಳಿಯೇ ಪಾಕದಂತೆ ಅಂಟಂಟಾಗಿ ವರ್ತಿಸುತ್ತದೆ. ಕೂದಲ ಸಂದಿನಲ್ಲಿ ಸುಲಭವಾಗಿ ನುಸುಳದು. ಬಾಚಣಿಗೆಯೇ ಹಾಳೆಯ ಕೆಲಸ ಮಾಡುತ್ತದೆ, ತೂಕ ಮಾತ್ರ ಕಡಿಮೆ. ಗಾಳಿಯಲ್ಲಿ ತೇಲಿ ಪಕ್ಕದ ಹೊಲ ಸೇರುವುದೂ ಸಲೀಸು. ಒಬ್ಬರೇ ಔಷಧಿ ಹೊಡೆದರೆ ಸಾಲದು ಎನ್ನುವುದು ಇದಕ್ಕೇ.

ಈ ರೆಕ್ಕೆ ಎಷ್ಟು ಹಳೆಯದು? ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಬಂಡೆಗಳನ್ನು ಕೇಳಿ ಫಲವಿಲ್ಲ. ಅವುಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದಿನವು. ಆಗ ಕೀಟಗಳೇ ಇರಲಿಲ್ಲ. ಉತ್ತರ ಇರುವುದು ಆಂಬರ್‌ನಲ್ಲಿ, ಅಂದರೆ ಮರದಿಂದ ಒಸರಿ ಕಾಲಾಂತರದಲ್ಲಿ ಕಲ್ಲಿನಂತೆ ಗಟ್ಟಿಯಾದ ರಾಳದಲ್ಲಿ. ಸ್ಪೇನಿನ ಆಂಬರ್‌ನಲ್ಲಿ ಸಿಕ್ಕ, ಸುಮಾರು 11 ಕೋಟಿ ವರ್ಷ ಹಿಂದಿನ ಆರು ಹೆಣ್ಣು ಥ್ರಿಪ್ಸ್‌ಗಳ ವಿವರ 2012ರಲ್ಲಿ ಪ್ರಕಟವಾಯಿತು. ಅಂಚುಗೂದಲಿನ ರೆಕ್ಕೆ ಆಗಲೇ ಇತ್ತು. ಈರುಳ್ಳಿ ಬೆಳೆಗಾರರಿಗೆ ಹೇಳಲು ಸಂಕೋಚವಾದರೂ ಹೇಳಬೇಕು: ಅವು ಉಪಕಾರಿಗಳು. ಮೈಗೆ ನೂರಾರು ಪರಾಗಕಣಗಳು ಅಂಟಿದ್ದವು, ಅದೂ ಹೂ ಬಿಡದ ಬೀಜಸಸ್ಯಗಳದು. ಪರಾಗ ಹಿಡಿಯಲು ಉಂಗುರಗಳುಳ್ಳ ವಿಶೇಷ ರೋಮಗಳೂ ಮೈಮೇಲಿದ್ದವು.