ಕಣ್ಣೀರಿನ ಬಾಗಿಲಲ್ಲಿ ನಾವಿಕ

ಕೆಂಪು ಸಮುದ್ರವನ್ನು ಏಡನ್ ಕೊಲ್ಲಿಯೊಡನೆ ಬೆಸೆಯುವ ಜಲಸಂಧಿಯ ಹೆಸರು ಬಾಬ್ ಎಲ್ ಮಂದೆಬ್. ಅರಬ್ಬೀ ಭಾಷೆಯಲ್ಲಿ ಹಾಗೆಂದರೆ ಕಣ್ಣೀರಿನ ಬಾಗಿಲು. ಅಗಲ ಸುಮಾರು 30 ಕಿ.ಮೀ. ಮಾತ್ರ. ಕೊಡಗು, ಚಿಕ್ಕಮಗಳೂರಿನ ಕಾಫಿ ಸೂಯೆಜ್ ಕಾಲುವೆಯ ಮೂಲಕ ಇಟಲಿ ತಲುಪಲು ಈ ಬಾಗಿಲನ್ನು ದಾಟಲೇಬೇಕು.

2023ರ ನವೆಂಬರ್ 19ರಂದು ಯೆಮನ್‌ನ ಹುಥಿ ಬಂಡುಕೋರರು ಹೆಲಿಕಾಪ್ಟರಿನಿಂದ ಇಳಿದು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ವಶಪಡಿಸಿಕೊಂಡರು. ಗಾಜಾದ ಜನರಿಗೆ ಬೆಂಬಲವಾಗಿ ಈ ಕೃತ್ಯ ಎಂಬುದು ಅವರ ಸಮರ್ಥನೆ. ಬಳಿಕ ಡ್ರೋನ್, ಕ್ಷಿಪಣಿಗಳ ದಾಳಿ ಆರಂಭವಾಯಿತು. ದೊಡ್ಡ ಹಡಗು ಕಂಪನಿಗಳು ಆಫ್ರಿಕಾ ಖಂಡವನ್ನೇ ಸುತ್ತಿ ಸಾಗತೊಡಗಿದವು; ಯಾನ ಹತ್ತು ದಿನಗಳಿಗೂ ಹೆಚ್ಚು ದೀರ್ಘವಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಮೊದಲು ಕಂಡದ್ದು ಬೆಲೆಯ ಆಟ. ಜಲಸಂಧಿಯನ್ನು ಮುಚ್ಚಬೇಕಾಗಿಲ್ಲ, ಭಯ ಹುಟ್ಟಿಸಿದರೆ ಸಾಕು; ಉಳಿದುದನ್ನು ವಿಮಾ ಕಂತು ಮಾಡುತ್ತದೆ. ಹಡಗಿನ ಮೌಲ್ಯದ ಶೇ 0.1ರ ಆಸುಪಾಸಿನಲ್ಲಿದ್ದ ಯುದ್ಧಾಪಾಯದ ಕಂತು 2024ರ ಆರಂಭದಲ್ಲಿ ಶೇ 0.7ರಿಂದ 1ರವರೆಗೆ ಏರಿತ್ತು. ಹತ್ತು ಕೋಟಿ ಡಾಲರ್ ಬೆಲೆಯ ಹಡಗಿಗೆ ಶೇ 1 ಎಂದರೆ ಹತ್ತು ಲಕ್ಷ ಡಾಲರ್. ಈ ಹೊರೆ ಅಂತಿಮವಾಗಿ ಇಳಿಯುವುದು ಬೆಳೆಗಾರ ಹಾಗೂ ಗ್ರಾಹಕರ ಹೆಗಲಿಗೇ.

ಆದರೆ ಕಡತದ ಲೆಕ್ಕದಲ್ಲಿ ಕಾಣದವನೇ ಹೆಚ್ಚು ತೆರುತ್ತಾನೆ ಎಂಬುದನ್ನು ಸರ್ಕಾರಿ ಸೇವೆ ನನಗೆ ಕಲಿಸಿದೆ. ‘ಗ್ಯಾಲಕ್ಸಿ ಲೀಡರ್’ನ 25 ನಾವಿಕರು ಆ ಯುದ್ಧದ ಯಾವ ಪಕ್ಷದವರೂ ಅಲ್ಲ. ಆದರೂ ಅವರಿಗೆ ಬಿಡುಗಡೆ ದೊರೆತದ್ದು 2025ರ ಜನವರಿ 22ರಂದು, ಹದಿನಾಲ್ಕು ತಿಂಗಳ ನಂತರ. 2024ರ ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಹಡಗಿನಲ್ಲಿ ಮೂವರು ನಾವಿಕರು ಸತ್ತರು. ಬದುಕುಳಿದವರನ್ನು, ಅವರಲ್ಲಿ ಒಬ್ಬ ಭಾರತೀಯನನ್ನೂ, ರಕ್ಷಿಸಿದ್ದು ನಮ್ಮ ‘ಐಎನ್‌ಎಸ್ ಕೋಲ್ಕತಾ’. 2025ರ ಜುಲೈನಲ್ಲಿ ಒಂದೇ ವಾರದೊಳಗೆ ಮತ್ತೆ ಎರಡು ಹಡಗುಗಳು ಮುಳುಗಿದವು.

ನೌಕಾಪಡೆಯ ಕಾರ್ಯ ಶ್ಲಾಘನೀಯ. ಆದರೆ ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ಒಂದಾದ ಭಾರತದ ಹೊಣೆ ಅಷ್ಟಕ್ಕೇ ಮುಗಿಯದು. ಯುದ್ಧದ ವಲಯಕ್ಕೆ ಬರಲಾರೆ ಎನ್ನುವ ಹಕ್ಕು ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಗಳಲ್ಲಿದೆ. ಸಾಲ ಮಾಡಿ ತರಬೇತಿ ಪಡೆದ ಯುವಕ ಅದನ್ನು ಚಲಾಯಿಸುವುದು ಹೇಗೆ? ಮುಂದಿನ ಕೆಲಸ ತಪ್ಪೀತೆಂಬ ಅಂಜಿಕೆ ಅವನ ಬಾಯಿ ಕಟ್ಟುತ್ತದೆ. ಹಾಗೆ ನಿರಾಕರಿಸಿದವನನ್ನು ಕೈಬಿಡುವ ನೇಮಕಾತಿ ಸಂಸ್ಥೆಯ ಪರವಾನಗಿಯನ್ನು ಸರ್ಕಾರ ರದ್ದುಪಡಿಸಬೇಕು. ಹಡಗಿಗೆ ವಿಮೆಯಿದೆ, ಸರಕಿಗೂ ಇದೆ. ‘ಒಲ್ಲೆ’ ಎನ್ನುವ ನಾವಿಕನಿಗೂ ಒಂದು ಭದ್ರತೆ ಬೇಡವೇ?